ದನಿ ಬಂದ್ ಮಾಡಿ ನೋಡಿದ ಟಾಮ್ ಅಂಡ್ ಜೆರ್ರಿ: ಆ ಕಾರ್ಟೂನ್ ಯಾವುದ್ರಿ?

ತೊಗರಿನಾಡಿನವ, ಕಲಬುರಗಿ:
ಶರಣ್ರಿ ಎಲ್ಲರಿಗೂ. ಸಣ್ಣಾವಿದ್ದಾಗ ನೋಡಿದ್ದೊಂದು ಟಾಮ್ ಅಂಡ್ ಜೆರ್ರಿ ಹುಡುಕ್ಲಕತ್ತೀನಿ. ಮಲಗಿದ್ದ ನಾಯಿ ಸಿಟ್ಟಿಲೆ ಎದ್ದು ಬೆಕ್ಕಿಗಿ ಏನೋ ಅಂತದ, ಮತ್ತ ಮಲಗ್ತದ. ಆಮ್ಯಾಲ ಇಲಿ ಸಪ್ಪಳ ಮಾಡೋದು, ಬೆಕ್ಕು ತಡೆಯೋದು. ಮ್ಯಾಲಿಂದ ಬಲ್ಬ್ ಬೀಳ್ತಾವ, ಬೆಕ್ಕು ಎಲ್ಲಾ ಹಿಡೀತದ. ನಾಯಿ ಏನಂತು ನನಗ ಇವತ್ತಿಗೂ ಗೊತ್ತಿಲ್ಲ. ನಾನು ನೋಡಿದ್ದು ದನಿ ಬಂದ್ ಮಾಡಿ.

ಅಪ್ಪಂದು ದಾಲ್ ಮಿಲ್‌ನಾಗ ರಾತ್ರಿ ಪಾಳಿ. ಮುಂಜಾನಿ ಬಂದು ರೊಟ್ಟಿ ತಿಂದು ಮಲಗಿದ್ರ ಸಂಜೀತನಕ ಏಳ್ತಿರಲಿಲ್ಲ. ಇದ್ದದ್ದು ಒಂದೇ ಖೋಲಿ, ಟಿವಿನೂ ಅಲ್ಲೇ. ಮೇ ತಿಂಗಳ ಬಿಸಿಲಾಗ ಕೂಲರ್ ಭರ್ ಅಂತ ತಿರಗ್ತಿತ್ತು, ಅದಕ್ಕ ಅಪ್ಪಗ ಎಚ್ಚರ ಆಗ್ತಿರಲಿಲ್ಲ. ಕರೆಂಟ್ ಹೋಗಿ ಕೂಲರ್ ನಿಂತ್ರ ಮಾತ್ರ ಆಗ್ತಿತ್ತು.

ಒಂದಿನ ಈ ಕಾರ್ಟೂನ್ ನಡದಿತ್ತು. ನನ್ನ ಮೊಳಕೈ ತಾಗಿ ಸ್ಟೀಲಿನ ತಂಬಿಗಿ ಕಟ್ಟಿ ಮ್ಯಾಲಿಂದ ಉರುಳ್ತು. ಕೆಳಗ ಶಹಾಬಾದ್ ಪರಸಿ. ನೆಲಕ್ಕ ಬೀಳೋದ್ರೊಳಗ ಕಾಲು ಚಾಚಿ ಪಾದದ ಮ್ಯಾಲ ಹಿಡದೆ. ಹೆಬ್ಬೆರಳು ಕರ್ರಗಾಯ್ತು, ಬಾಯಿ ಮುಚ್ಚಿಕೊಂಡೇ ಅತ್ತೆ. ಅಪ್ಪ ಮಗ್ಗಲು ಬದಲಿಸಿ ಮಲಗಿದ್ರು.

ಅದರ ಹೆಸರು ಯಾರಿಗರ ಗೊತ್ತೇನ್ರಿ?

ಬೀದರ್ ಕೋಟೆ:
'ಕ್ವೈಟ್ ಪ್ಲೀಸ್' ರೀ ಅದು. 1945ರದು, ಎಂಜಿಎಂ ಕಂಪನಿದು, ವಿಲಿಯಂ ಹನ್ನಾ ಮತ್ತ ಜೋಸೆಫ್ ಬಾರ್ಬೆರಾ ನಿರ್ದೇಶನ. ಟಿವಿಗಂತ ಮಾಡಿದ್ದಲ್ಲ, ಥೇಟರ್‌ನಾಗ ಸಿನಿಮಾ ಜೋಡಿ ತೋರ್ಸಲಿಕ್ಕ ಮಾಡಿದ್ದು. ಟಾಮ್ ಅಂಡ್ ಜೆರ್ರಿಗೆ ಸಾಲಾಗಿ ಮೂರನೇ ವರ್ಷ ಆಸ್ಕರ್ ಬಂದದ್ದು ಇದರಿಂದಲೇ. ನಾಯಿ ಸ್ಪೈಕ್ ಅನ್ನೋದು ಇಷ್ಟೇ: ಇನ್ನೊಂದು ಸಪ್ಪಳ ಕೇಳಿದ್ರ ನಿನ್ನ ತೊಗಲು ಸುಲಿತೀನಿ!

ಜೆರ್ರಿ ಸಾಯೋಹಂಗ ಮಾಡಿ ಮೃತ್ಯುಪತ್ರ ಬರಿಯೋದು ನೆನಪದ ಏನ್ರಿ? ಟಾಮ್‌ಗೆ ಒಂದು ಕಸ್ಟರ್ಡ್ ಪೈ ಅನ್ನೋ ಸಿಹಿ ತಿನಿಸು ಬರೆದಿಟ್ಟಿರ್ತದ. ಕೊಡು ಅಂದ ಕೂಡ್ಲೆ ಮುಖಕ್ಕ ಬೀಳ್ತದ.

ಯಾದಗಿರಿ ಅಕ್ಕ:
ತಮ್ಮಾ, ಈ ಸಲ ದನಿ ಇಟ್ಟು ನೋಡಪ್ಪ. ನಾನು ತಬಲಾ ಕಲಿತಾಕಿ. ಸ್ಕಾಟ್ ಬ್ರಾಡ್ಲಿ ಅವರ ಸಂಗೀತ ಕೇಳಿದ್ರ ಲಯ ಅಂದ್ರೇನು ತಿಳೀತದ. ಬೆಕ್ಕು ತುದಿಗಾಲಿನ ಮ್ಯಾಲ ನಡೆದ್ರ ಹೆಜ್ಜಿಗೊಂದು ಸ್ವರ, ಬಿದ್ರ ಅದೇ ಗಳಿಗಿಗಿ ಪೆಟ್ಟು. ಟಾಮ್ ಚೀರೋ ದನಿ ನಿರ್ದೇಶಕ ಹನ್ನಾ ಅವರದೇ. ಆ ಚೀರಾಟ ಕೇಳದೇ ಬೆಳದೀಯಲ್ಲ, ಕರಳು ಚುರ್ ಅಂತು.

ತೊಗರಿನಾಡಿನವ, ಕಲಬುರಗಿ:
ಅಕ್ಕಾ, ಬೀದರಣ್ಣಾ, ಸಿಕ್ತು. ನಿನ್ನಿ ರಾತ್ರಿ ನೋಡಿದೆ. ಟಾಮ್ ಜೋಗುಳ ಹಾಡ್ತದ ಅನ್ನೋದು ಈಗ ಗೊತ್ತಾಯ್ತು. ಆವಾಗ ಸುಮ್ಮ ಬಾಯಿ ಆಡಿಸ್ತದ ಅಂದ್ಕೊಂಡಿದ್ದೆ.

ಅಪ್ಪಗ ಈಗ 72. ಮಿಲ್ಲಿನ ಸಪ್ಪಳಕ್ಕ ಕಿವಿ ಮಂದ ಆಗ್ಯಾವ. ಬಾಜೂಕ ಕುಂದರಿಸಿಕೊಂಡು, ದನಿ ಪೂರಾ ಏರಿಸಿ ತೋರಿಸಿದೆ. ತಂಬಿಗಿ ಕಥಿನೂ ಹೇಳಿದೆ, ಇಷ್ಟು ದಿನ ಹೇಳಿರಲಿಲ್ಲ. ಏನೂ ಅನ್ನಲಿಲ್ಲ, ನನ್ನ ಕಾಲಿನ ಹೆಬ್ಬೆರಳು ಹಿಡಿದು ನೋಡಿದ್ರು. ಆಮ್ಯಾಲ ಕೇಳಿದ್ರು, "ಆ ನಾಯಿಗಿ ನಿದ್ದಿ ಸಿಕ್ತೇನೋ ಕಡೀಕ?"