ಸಹಾಯ ಬೇಕು: ಪಿಎಚ್‌.ಡಿ. ಮಾರ್ಗದರ್ಶಕರ ಮೇಲೆ ದೂರು ಕೊಡುವುದು ಹೇಗೆ?

ನನ್ನ ತಂಗಿ ಸರ್ಕಾರಿ ವಿಶ್ವವಿದ್ಯಾಲಯವೊಂದರಲ್ಲಿ ಪಿಎಚ್‌.ಡಿ. ಮಾಡುತ್ತಿದ್ದಾಳೆ. ಫೆಲೋಶಿಪ್ ಹಣಕ್ಕೆ ಮಾರ್ಗದರ್ಶಕರ ಸಹಿ ಬೇಕು. ಅವರು ತಿಂಗಳುಗಟ್ಟಲೆ ಸತಾಯಿಸುತ್ತಿದ್ದಾರೆ. ಕೇಳಲು ಹೋದರೆ ಸಂಜೆಯವರೆಗೆ ಕೊಠಡಿಯ ಹೊರಗೆ ನಿಲ್ಲಿಸಿ, "ನಾಳೆ ಬಾರಮ್ಮ" ಎನ್ನುತ್ತಾರೆ. ಅದೇ ರಾತ್ರಿ, ತಮ್ಮ ಮಗನ ಪ್ರಾಜೆಕ್ಟ್ ಬೆರಳಚ್ಚು ಮಾಡಿಕೊಡು ಎಂದು ವಾಟ್ಸ್‌ಆ್ಯಪ್ ಸಂದೇಶ ಬರುತ್ತದೆ. ಎಂಥ ದರ್ಪ ಇದು!

ಯುಜಿಸಿಯ (ವಿಶ್ವವಿದ್ಯಾಲಯ ಧನಸಹಾಯ ಆಯೋಗದ) 2023ರ ನಿಯಮದಂತೆ ವಿದ್ಯಾರ್ಥಿ ಕುಂದುಕೊರತೆ ಪರಿಹಾರ ಸಮಿತಿ 15 ಕೆಲಸದ ದಿನಗಳಲ್ಲಿ ವರದಿ ಕೊಡಬೇಕು. ಅಲ್ಲಿ ನ್ಯಾಯ ಸಿಗದಿದ್ದರೆ, ವಿದ್ಯಾರ್ಥಿಗಳ ದೂರು ವಿಚಾರಿಸುವ ಮೇಲಿನ ಅಧಿಕಾರಿಯಾದ ಒಂಬುಡ್ಸ್‌ಪರ್ಸನ್‌ಗೆ ಮೇಲ್ಮನವಿ ಸಲ್ಲಿಸಬಹುದು. ಆದರೆ ಮುಂದೆ ಪ್ರಬಂಧ ಸಲ್ಲಿಸುವಾಗಲೂ ಅದೇ ಸಹಿ ಬೇಕಲ್ಲ! ಆ ಭಯಕ್ಕೇ ಅವಳು ಬಾಯಿ ಬಿಡುತ್ತಿಲ್ಲ.

ಇಂಥ ದೂರು ಕೊಟ್ಟವರಿದ್ದರೆ ದಯವಿಟ್ಟು ತಿಳಿಸಿ: ಮೊದಲು ಮಾರ್ಗದರ್ಶಕರ ಬದಲಾವಣೆ ಕೇಳಬೇಕೇ, ದೂರು ಕೊಡಬೇಕೇ? ಆ ಸಂದೇಶಗಳನ್ನು ಸಾಕ್ಷಿಯಾಗಿ ಲಗತ್ತಿಸಬಹುದೇ?