ಟೆಕ್ಸಾಸ್ ಪ್ರೀ-ಕೆ: ಕನ್ನಡದ ಮಗುವನ್ನು ಸ್ಪ್ಯಾನಿಷ್-ಇಂಗ್ಲಿಷ್ ತರಗತಿಗೆ ಸೇರಿಸಬಹುದಾ?

ಮಲ್ಲಿಗೆಹಂಬು:
ಆಸ್ಟಿನ್ ಹತ್ತಿರ ಇದ್ದೇವೆ. ಮಗಳಿಗೆ ಈ ಜುಲೈಗೆ 4 ತುಂಬುತ್ತೆ. ಮನೇಲಿ ಕನ್ನಡವೇ. ಇಂಗ್ಲಿಷ್ ಅರ್ಥವಾಗುತ್ತೆ, ಆದರೆ ಎರಡು ಮಾತಿಗಿಂತ ಹೆಚ್ಚು ಬಾಯಿ ಬಿಡಲ್ಲ. ನಮ್ಮ ಏರಿಯಾದ ಸರ್ಕಾರಿ ಶಾಲೇಲಿ ಸ್ಪ್ಯಾನಿಷ್-ಇಂಗ್ಲಿಷ್ ಡ್ಯುಯಲ್ ಲ್ಯಾಂಗ್ವೇಜ್ ಪ್ರೀ-ಕೆ (ಕಿಂಡರ್‌ಗಾರ್ಟನ್‌ಗೆ ಮುಂಚಿನ ತರಗತಿ) ಇದೆ. ನಮ್ಮ ಸಂಬಳಕ್ಕೆ ಅದು ಉಚಿತವಾಗಿ ಸಿಗುತ್ತಾ? ಸಿಕ್ಕರೂ ಮೂರನೇ ಭಾಷೆ ಹೊರೆಯಾಗಲ್ವಾ? 90/10, 50/50 ಅಂತಾರಲ್ಲ, ಯಾವುದು ಒಳ್ಳೇದು?

ಅರ್ಜಿಗುಮಾಸ್ತ:
ಉಚಿತ ಸೀಟಿಗೆ ಸಂಬಳ ಒಂದೇ ಬಾಗಿಲಲ್ಲ. ಸೆಪ್ಟೆಂಬರ್ 1ಕ್ಕೆ 4 ತುಂಬಿರಬೇಕು, ನಿಮ್ಮ ಮಗಳಿಗೆ ತುಂಬಿರುತ್ತೆ. ಅದರ ಮೇಲೆ ಕಾನೂನು ಕೊಟ್ಟಿರುವ ಅರ್ಹತೆಗಳಲ್ಲಿ ಯಾವುದಾದರೂ ಒಂದಿದ್ದರೆ ಸಾಕು. ಕಡಿಮೆ ಆದಾಯ ಅದರಲ್ಲೊಂದು, ‘ಇಂಗ್ಲಿಷ್ ಮಾತಾಡಲು, ಅರ್ಥ ಮಾಡಿಕೊಳ್ಳಲು ಬಾರದ ಮಗು’ ಅನ್ನೋದು ಇನ್ನೊಂದು. ಈ ಎರಡನೆಯದಕ್ಕೆ ಆದಾಯ ಕೇಳಲ್ಲ. ಅರ್ಹ 4 ವರ್ಷದ ಮಕ್ಕಳಿಗೆ ಪೂರ್ತಿ ದಿನದ ತರಗತಿ ಕೊಡಬೇಕು ಅಂತ 2019ರಲ್ಲೇ ಕಾನೂನಾಗಿದೆ.

ಎಡವೋದು ಹೋಮ್ ಲ್ಯಾಂಗ್ವೇಜ್ ಸರ್ವೇ ಫಾರ್ಮಿನಲ್ಲಿ. ಮನೇಲಿ ಯಾವ ಭಾಷೆ, ಮಗು ಯಾವ ಭಾಷೆ ಆಡುತ್ತೆ ಅಂತ ಕೇಳಿರ್ತಾರೆ. ‘ಮಗೂನ ಹಿಂದೆ ಕೂರಿಸಿಬಿಡ್ತಾರೇನೋ’ ಅಂತ ಹೆದರಿ ನಮ್ಮವರು ಇಂಗ್ಲಿಷ್ ಅಂತ ಬರೀತಾರೆ. ಹಾಗೆ ಬರೆದರೆ ಇಂಗ್ಲಿಷ್ ಪರೀಕ್ಷೆಯೇ ಇಲ್ಲ, ಆ ಅರ್ಹತೆಯೂ ಇಲ್ಲ. ತಿದ್ದಬೇಕಂದ್ರೆ ದಾಖಲಾದ ಎರಡು ವಾರದೊಳಗೆ, ಅದೂ ಪರೀಕ್ಷೆ ಆಗೋಕೆ ಮುಂಚೆ ಮಾತ್ರ. ಕನ್ನಡ ಅಂತಲೇ ಬರೀರಿ. ಆಮೇಲೆ ಪ್ರೀ-ಲಾಸ್ ಪರೀಕ್ಷೆ: ಕೇಳೋದು, ಮಾತಾಡೋದು ಅಷ್ಟೇ, ಓದು-ಬರಹ ಇಲ್ಲ. ಅದಕ್ಕಾಗಿ ಮಗೂಗೆ ಏನನ್ನೂ ಹೇಳಿಕೊಡಬೇಡಿ. ಇಂಗ್ಲಿಷ್ ಚೆನ್ನಾಗಿ ಬಂದುಬಿಟ್ಟರೆ ಈ ಬಾಗಿಲು ಮುಚ್ಚುತ್ತೆ. ಆಗ ಶುಲ್ಕ ಕೊಟ್ಟು ಸೇರೋ ಸೀಟು ಇದೆಯಾ ಅಂತ ಸ್ಕೂಲ್ ಡಿಸ್ಟ್ರಿಕ್ಟ್ ಕಚೇರೀಲಿ ವಿಚಾರಿಸಿ, ಕೆಲವು ಕಡೆ ಇರುತ್ತೆ.

ಇನ್ನೊಂದು ಮಾತು. ಪರೀಕ್ಷೆಯಿಂದ ಸೀಟು ಸಿಕ್ಕಿತು ಅಂದ ಮಾತ್ರಕ್ಕೆ ಸ್ಪ್ಯಾನಿಷ್ ತರಗತಿ ಸಿಕ್ಕಿತು ಅಂತಲ್ಲ. ಕನ್ನಡದ ಮಗೂನ ಸಾಮಾನ್ಯವಾಗಿ ಇಎಸ್‌ಎಲ್‌ಗೆ, ಅಂದ್ರೆ ಇಂಗ್ಲಿಷ್‌ನಲ್ಲೇ ಆಸರೆ ಕೊಡೋ ತರಗತಿಗೆ ಹಾಕ್ತಾರೆ. ಮಕ್ಕಳನ್ನು ಯಾವ ಕಾರ್ಯಕ್ರಮಕ್ಕೆ ಸೇರಿಸಬೇಕು ಅಂತ ನೋಡೋದು ಶಾಲೆಯ ಎಲ್‌ಪ್ಯಾಕ್ ಸಮಿತಿ. ಡ್ಯುಯಲ್ ಲ್ಯಾಂಗ್ವೇಜ್ ಬೇಕು ಅಂತ ಬೇರೆ ಅರ್ಜಿ ಕೊಡಬೇಕಾ, ಕೊನೇ ದಿನ ಯಾವುದು ಅಂತ ಮೊದಲೇ ಕೇಳಿ.

ಕಾಗುಣಿತ_ಟೀಚರ್:
ಹೊರೆಯ ಬಗ್ಗೆ ಹೇಳ್ತೀನಿ. ಸ್ಪ್ಯಾನಿಷ್ ಓದು ಶುರುವಾಗೋದೇ ಮಾ, ಮೇ, ಮೀ, ಮೋ, ಮೂ ಅಂತ. ಇದು ನಮ್ಮ ಕಾಗುಣಿತವೇ ತಾನೆ? ಐದೇ ಸ್ವರ, ಬರೆದಂತೆ ಉಚ್ಚಾರ. ತ, ದ ಎರಡೂ ಹಲ್ಲಿಗೆ ತಾಗುವ ನಮ್ಮ ತ, ದಗಳೇ. ಇಂಗ್ಲಿಷ್ ಮಾತ್ರ ಗೊತ್ತಿರೋ ಮಗು ಒದ್ದಾಡೋ ಕಡೆ ಕನ್ನಡದ ಮಗು ಸಲೀಸಾಗಿ ದಾಟುತ್ತೆ. ಕಷ್ಟ ಆಗೋದು ರಕಾರ. ‘ಪೆರೊ’ ಅಂದ್ರೆ ಆದರೆ, ನಾಲಿಗೆ ಕಂಪಿಸಿ ‘ಪೆರ್ರೊ’ ಅಂದ್ರೆ ನಾಯಿ. ಅದು ನಿಧಾನಕ್ಕೆ ಬರುತ್ತೆ.

ಗೊಂದಲ ಏಳೋದು ಅಕ್ಷರದ ಹೆಸರಲ್ಲಿ. ಇಂಗ್ಲಿಷ್‌ನಲ್ಲಿ ‘ಈ’ ಅಂತ ಕರೆಯೋ ಅಕ್ಷರ ಸ್ಪ್ಯಾನಿಷ್‌ನಲ್ಲಿ ‘ಎ’. ಇಂಗ್ಲಿಷ್‌ನ ‘ಐ’ ಅಲ್ಲಿ ‘ಇ’. ‘ಜೆ’ ಅಲ್ಲಿ ‘ಹೋತಾ’, ಹಾಗಾಗಿ ಜಿರಾಫೆ ‘ಹಿರಾಫಾ’ ಆಗುತ್ತೆ. ಶಾಲೇಲಿ ಒಂದು, ಮನೇಲಿ ಎಬಿಸಿಡಿ ಹಾಡು ಇನ್ನೊಂದು ಅಂತಾದರೆ ಮಗು ಮೇಸಾ (ಮೇಜು) ಅಂತ ಬರೆಯೋವಾಗ ಎರಡನೇ ಅಕ್ಷರಕ್ಕೇ ನಿಂತುಬಿಡುತ್ತೆ. ಮೊದಲ ವರ್ಷ ಮನೇಲಿ ಇಂಗ್ಲಿಷ್ ಅಕ್ಷರ ತಿದ್ದಿಸಬೇಡಿ. ದಿನಾ ಕನ್ನಡದಲ್ಲಿ ಕಥೆ ಹೇಳಿ, ‘ಆಮೇಲೆ ಏನಾಯ್ತು?’ ಅಂತ ಅವಳ ಬಾಯಲ್ಲೇ ಹೇಳಿಸಿ.

90/10 ಅಂದ್ರೆ ಶುರುವಿನ ವರ್ಷಗಳಲ್ಲಿ ನೂರಕ್ಕೆ ತೊಂಬತ್ತು ಪಾಲು ಸ್ಪ್ಯಾನಿಷ್. ವರ್ಷ ವರ್ಷ ಇಂಗ್ಲಿಷ್ ಪಾಲು ಏರಿ ನಾಲ್ಕು-ಐದನೇ ತರಗತಿ ಹೊತ್ತಿಗೆ ಸಮ ಆಗುತ್ತೆ. 50/50ರಲ್ಲಿ ಮೊದಲಿಂದಲೇ ಅರ್ಧರ್ಧ. 90/10ರಲ್ಲಿ ಒಂದನೇ ತರಗತಿಯ ಮಗೂಗೆ ಇಂಗ್ಲಿಷ್ ಓದೋಕೆ ತಡವರಿಕೆ ಇರೋದು ಸಹಜ. ಪಕ್ಕದ ಮನೆ ಮಗು ನೋಡಿ ಗಾಬರಿಯಾಗಿ ಬಿಡಿಸೋರು ಆಗಲೇ ಬಿಡಿಸ್ತಾರೆ. ನನ್ನ ಕೇಳಿದರೆ ಅಂಕಿ ಬಿಟ್ಟು ತರಗತಿ ನೋಡಿ. ಸ್ಪ್ಯಾನಿಷ್ ಹೊತ್ತಿನಲ್ಲಿ ಇಪ್ಪತ್ತು ನಿಮಿಷ ಕೂರೋಕೆ ಅನುಮತಿ ಕೇಳಿ. ಹಾಡು, ಕಥೆ ಎಲ್ಲ ಕಡೆ ಸ್ಪ್ಯಾನಿಷ್‌ನಲ್ಲೇ ಇರುತ್ತೆ. ಸಾಲು ನಿಲ್ಲಿಸೋವಾಗ, ಗದರೋವಾಗ, ಚೆಲ್ಲಿದ ಹಾಲು ಒರೆಸೋವಾಗ ಟೀಚರ್ ಇಂಗ್ಲಿಷ್‌ಗೆ ಜಾರ್ತಾರಾ ನೋಡಿ. ಹಾಗೆ ಜಾರಿದರೆ ಮಕ್ಕಳು ಇಂಗ್ಲಿಷ್‌ಗೇ ಕಾಯ್ತಾರೆ. ಸ್ಪ್ಯಾನಿಷ್ ಮನೆಮಾತಿನ ಮಕ್ಕಳು ಎಷ್ಟಿದ್ದಾರೆ ಅಂತಲೂ ಕೇಳಿ. ಮೂರರಲ್ಲಿ ಒಂದು ಪಾಲಾದರೂ ಬೇಕು, ಇಲ್ಲಾಂದ್ರೆ ಆಟದ ಮೈದಾನದಲ್ಲಿ ಸ್ಪ್ಯಾನಿಷ್ ಸತ್ತಹಾಗೇ.

ಗಂಟುಮೂಟೆ:
ವೀಸಾ, ಕೆಲಸ ಅಂತ ಎರಡು ವರ್ಷದಲ್ಲಿ ಊರು ಬಿಡೋ ಹಾಗಿದ್ದರೆ 90/10 ಬೇಡ. ಹೊಸ ಊರಲ್ಲಿ ಇಂಗ್ಲಿಷ್ ಓದಿನಲ್ಲಿ ಹಿಂದೆ, ಸ್ಪ್ಯಾನಿಷ್ ಮುಂದುವರಿಸೋಕೆ ದಾರಿ ಇಲ್ಲ. ಐದನೇ ತರಗತಿವರೆಗೆ ಇರ್ತೀವಿ ಅಂತ ಬಹಳ ಕಡೆ ಸಹಿ ಹಾಕಿಸಿಕೊಳ್ತಾರೆ. ಹಾಗಂತ ‘ಆಮೇಲೆ ನೋಡೋಣ’ ಅಂತಲೂ ಬಿಡಬೇಡಿ, ಒಂದನೇ ತರಗತಿ ದಾಟಿದ ಮೇಲೆ ಸೇರಬೇಕಂದ್ರೆ ಸಾಮಾನ್ಯವಾಗಿ ಸ್ಪ್ಯಾನಿಷ್ ಪರೀಕ್ಷೆ ಇರುತ್ತೆ. ಬೇರೆ ಏರಿಯಾದ ಶಾಲೆಗೆ ವರ್ಗಾವಣೆ ತಗೊಂಡರೆ ಬಸ್ ಬರುತ್ತಾ ವಿಚಾರಿಸಿ, ಬಹುತೇಕ ಬರಲ್ಲ.

ಮಲ್ಲಿಗೆಹಂಬು:
ಐದಾರು ವರ್ಷ ಇಲ್ಲೇ ಇರ್ತೀವಿ. ನಾಳೆನೇ ಶಾಲೆಗೆ ಫೋನ್ ಮಾಡ್ತೀನಿ. ಲಸಿಕೆಯೆಲ್ಲ ಬೆಂಗಳೂರಲ್ಲೇ ಆಗಿದೆ. ಅದು ಸಾಕಾ?

ಅರ್ಜಿಗುಮಾಸ್ತ:
ಸಾಕಾಗೋದು ಅಪರೂಪ. ಇಲ್ಲಿ ಕೇಳೋದು ಎಂಎಂಆರ್ (ದಡಾರ, ಮಂಗನಬಾವು, ರುಬೆಲ್ಲಾ ಮೂರಕ್ಕೂ ಸೇರಿದ ಲಸಿಕೆ), ಅದೂ ಮೊದಲ ಹುಟ್ಟುಹಬ್ಬ ಆದಮೇಲೆ ಹಾಕಿಸಿದ್ದು. ನಮ್ಮಲ್ಲಿ 9 ತಿಂಗಳಿಗೆ ಹಾಕಿದ್ದು ಲೆಕ್ಕಕ್ಕಿಲ್ಲ. ಸರ್ಕಾರಿ ಆಸ್ಪತ್ರೇಲಿ ಹಾಕೋ ಎಂಆರ್‌ನಲ್ಲಿ ಮಂಗನಬಾವಿನ ಲಸಿಕೆ ಇರೋದೇ ಇಲ್ಲ. ಚಿಕನ್‌ಪಾಕ್ಸ್‌ನ (ವಾರಿಸೆಲ್ಲಾ) ಒಂದು, ಹೆಪಟೈಟಿಸ್ ಎ ಎರಡು ಡೋಸ್ ಬೇಕು, ಇವೆರಡೂ ನಮ್ಮ ಸರ್ಕಾರಿ ಪಟ್ಟಿಯಲ್ಲಿಲ್ಲ. ಹೆಪಟೈಟಿಸ್ ಎ ಎರಡು ಡೋಸ್‌ಗಳ ನಡುವೆ 6 ತಿಂಗಳು ಬಿಡಬೇಕು, ಹಾಗಾಗಿ ಮೊದಲನೆಯದನ್ನು ಈಗಲೇ ಹಾಕಿಸಿಬಿಡಿ. ಬೇಕಾದ ಪ್ರತಿ ಲಸಿಕೆಯದೂ ಒಂದೊಂದು ಡೋಸ್ ಆಗಿದ್ದರೆ ತಾತ್ಕಾಲಿಕವಾಗಿ ಸೇರಿಸಿಕೊಳ್ತಾರೆ. ಬೆಂಗಳೂರಿನ ಲಸಿಕೆ ಪುಸ್ತಕದಲ್ಲಿ ತಾರೀಕು ಅಳಿಸಿಹೋಗಿದ್ದರೆ ಅಲ್ಲಿನ ಕ್ಲಿನಿಕ್‌ನಿಂದ ಸಹಿ, ಮೊಹರಿನ ಜೊತೆ ಇನ್ನೊಂದು ಪ್ರತಿ ತರಿಸಿಕೊಳ್ಳಿ.