ಪದಚರ್ಚೆ: 'ರಿಯಲಿಸ್ಟಿಕ್ ಟ್ರ್ಯಾಕ್', 'ಸೌಂಡ್ ಡಿಕೋಡರ್' – ಇವಕ್ಕೆ ಏನನ್ನೋಣ?

ಎಲ್ಲರಿಗೂ ನಮಸ್ಕಾರ.

ಚಿಕ್ಕಬಳ್ಳಾಪುರದಲ್ಲಿ ನಾವೊಂದಷ್ಟು ಜನ ಸೇರಿ ನಮ್ಮೂರಿನ ಹಳೇ ನ್ಯಾರೋಗೇಜ್ ಲೈನಿನ ಮಾಡೆಲ್ಲನ್ನು 1:87 ಅಳತೆಯಲ್ಲಿ, ಅಂದರೆ ಅಸಲಿಗಿಂತ 87 ಪಟ್ಟು ಚಿಕ್ಕದಾಗಿ, ಕಟ್ಟುತ್ತಿದ್ದೇವೆ, ಪಕ್ಕದಲ್ಲೇ ಈಗಿನ ಬ್ರಾಡ್‌ಗೇಜ್ ಕೂಡ. ಹೊಸಬರಿಗೆ, ಮುಖ್ಯವಾಗಿ ಹೈಸ್ಕೂಲ್ ಮಕ್ಕಳಿಗೆ, ಎಂಥ ಹಳಿ ತಗೋಬೇಕು, ಎಂಥ ಸೌಂಡ್ ಡಿಕೋಡರ್ (ಎಂಜಿನ್ನಿನೊಳಗೆ ಕೂತು ಸದ್ದು ಹೊರಡಿಸುವ ಪುಟ್ಟ ಸರ್ಕ್ಯೂಟ್) ತಗೋಬೇಕು ಅಂತ ಕನ್ನಡದಲ್ಲಿ ಒಂದು ಕೈಪಿಡಿ ಬರೆಯುತ್ತಿದ್ದೇನೆ. ಪದಗಳು ಕೈಕೊಡುತ್ತಿವೆ. ನಿಮ್ಮ ಸಹಾಯ ಬೇಕು.

'ಮಾದರಿ ರೈಲು' ಅನ್ನುವುದನ್ನು ನಾನು ಬಿಟ್ಟಾಯಿತು. ಮಾದರಿ ಶಾಲೆ, ಮಾದರಿ ಗ್ರಾಮ ಓದಿದವರಿಗೆ ಅದು ಬಹಳ ಒಳ್ಳೆಯ ನಡತೆಯ ರೈಲು ಅನಿಸುತ್ತದೆ. 'ಆಟಿಕೆ ರೈಲು' ಅಂದರೆ ನಮ್ಮವರಿಗೆ ಸಿಟ್ಟು. ಸದ್ಯಕ್ಕೆ 'ಕಿರುರೈಲು' ಅಂತ ಇಟ್ಟುಕೊಂಡಿದ್ದೇನೆ, ಇದಕ್ಕೆ ಯಾರದೂ ತಕರಾರಿಲ್ಲ ಅಂದುಕೊಳ್ಳುತ್ತೇನೆ.

ನಿಜವಾದ ತೊಡಕು 'ರಿಯಲಿಸ್ಟಿಕ್ ಟ್ರ್ಯಾಕ್' ಹತ್ತಿರ ಶುರು. 'ನೈಜ ಹಳಿ' ಅಂತ ಬರೆದರೆ ಅದು ನಮ್ಮ ಸ್ಟೇಷನ್ನಿನಲ್ಲಿ ಮಲಗಿರುವ ಹಳಿ, ಅಲ್ವಾ? 'ನೈಜವಾಗಿ ಕಾಣುವ ಹಳಿ' ಸರಿ, ಆದರೆ ಪುಟಕ್ಕೆ ಹತ್ತು ಸಲ ಬರೆಯಲು ಉದ್ದ. ನನಗೆ ಹಿಡಿಸಿರುವುದು 'ಥೇಟ್'. ಥೇಟ್ ಅಪ್ಪನ ಹಾಗೆ ಅಂದಾಗ ಅವನು ಅಪ್ಪ ಅಲ್ಲ ಅನ್ನುವುದೂ ಆ ಮಾತಿನಲ್ಲೇ ಇರುತ್ತದೆ. 'ಥೇಟ್ ಹಳಿ' ಅಂತ ಅಂಟಿಸಿದರೆ ಕನ್ನಡ ಆಗುತ್ತದಾ, ಅಥವಾ 'ಹಾಗೆ' ಇಲ್ಲದೆ ಥೇಟ್ ನಿಲ್ಲುವುದಿಲ್ಲವಾ? ಇದು ಮೊದಲ ಪ್ರಶ್ನೆ.

ಇನ್ನೊಂದು. ಇಂಗ್ಲಿಷಿನಲ್ಲಿ ರೈಲ್ ಅಂದರೆ ಒಂದು ಕಬ್ಬಿಣದ ಪಟ್ಟಿ, ಟ್ರ್ಯಾಕ್ ಅಂದರೆ ಎರಡು ಪಟ್ಟಿ, ಅವುಗಳ ಅಡಿಗೆ ಅಡ್ಡ ಹಾಕುವ ಸ್ಲೀಪರ್ ಎಲ್ಲಾ ಸೇರಿದ್ದು. ನಾವು ಎರಡಕ್ಕೂ ಹಳಿ ಅಂದುಬಿಡುತ್ತೇವೆ. ನಮ್ಮ ಕಡೆ ಹಳಬರ ಬಾಯಲ್ಲಿ 'ರೈಲು ಕಂಬಿ' ಇನ್ನೂ ಇದೆ, ಹಾಗಾಗಿ ಒಂಟಿ ಪಟ್ಟಿಗೆ ಕಂಬಿ, ಇಡೀ ಸೆಟ್ಟಿಗೆ ಹಳಿ ಅಂತ ಹಂಚಿದ್ದೇನೆ. ಈ ಹಂಚಿಕೆ ಇಲ್ಲದಿದ್ದರೆ ಮುಂದಿನದನ್ನು ಹೇಳುವುದಕ್ಕೇ ಆಗುವುದಿಲ್ಲ. ಯಾಕೆಂದರೆ ಪ್ಯಾಕೆಟ್ ಮೇಲೆ 'ಕೋಡ್ 100', 'ಕೋಡ್ 75' ಅಂತ ಇರುತ್ತದೆ. ಅದು ಗುಟ್ಟಿನ ಸಂಕೇತ ಏನಲ್ಲ, ಕಂಬಿಯ ಎತ್ತರ, ಇಂಚಿನ ಸಾವಿರದ ಲೆಕ್ಕದಲ್ಲಿ. ಕೋಡ್ 100 ಅಂದರೆ 2.54 ಮಿ.ಮೀ., ಕೋಡ್ 75 ಅಂದರೆ ಸುಮಾರು 1.9 ಮಿ.ಮೀ. ನಮ್ಮ ರೈಲ್ವೆಯ 60 ಕೆ.ಜಿ. ಕಂಬಿ, ಅಂದರೆ ಮೀಟರಿಗೆ 60 ಕೆ.ಜಿ. ತೂಗುವುದು, 172 ಮಿ.ಮೀ. ಎತ್ತರ. 87ರಿಂದ ಭಾಗಿಸಿ: ಹತ್ತಿರಹತ್ತಿರ 2 ಮಿ.ಮೀ. ಕೋಡ್ 100 ಕಂಬಿಯನ್ನು 87 ಪಟ್ಟು ಹಿಗ್ಗಿಸಿದರೆ 221 ಮಿ.ಮೀ. ಆಗುತ್ತದೆ, ಅಷ್ಟೆತ್ತರದ ಕಂಬಿಯ ಮೇಲೆ ನಮ್ಮ ಯಾವ ರೈಲೂ ಓಡುವುದಿಲ್ಲ. ಥೇಟ್ ಬೇಕು ಅನ್ನುವವರು 75 ತಗೊಳ್ಳಲಿ, ಹಳೇ ಸೆಟ್ಟಿನ ಆಳವಾದ ಅಂಚಿನ ಗಾಲಿಗಳು ಇರುವವರು 100ರಲ್ಲೇ ಇರಲಿ, ಇಲ್ಲವಾದರೆ ಗಾಲಿ ಸ್ಲೀಪರ್ ಮೇಲಿನ ಉಬ್ಬುಗಳಿಗೆ ಬಡಿಯುತ್ತಾ ಹೋಗುತ್ತದೆ.

ರೈಲ್ವೆಯವರು ಕಂಬಿಯನ್ನು ತೂಕದಿಂದ ಕರೆಯುತ್ತಾರೆ, ಕಿರುರೈಲಿನವರು ಎತ್ತರದಿಂದ. ಇಲ್ಲಿ ಕೋಡ್‌ಗೆ 'ಸಂಕೇತ' ಹಾಕಿ, ಡಿಕೋಡರ್‌ಗೆ 'ವಿಸಂಕೇತಕ' ಹಾಕಿದರೆ, ವಿಸಂಕೇತಕವು ಸಂಕೇತ 75ನ್ನು ಬಿಡಿಸುವ ಯಂತ್ರ ಅಂತ ಹುಡುಗರು ತಿಳಿದುಕೊಳ್ಳುತ್ತಾರೆ! ಎರಡಕ್ಕೂ ಏನೇನೂ ಸಂಬಂಧ ಇಲ್ಲ. '75ರ ಕಂಬಿ' ಸಾಕು ಅಂತ ನನ್ನ ಅಭಿಪ್ರಾಯ.

ಗೇಜಿನ, ಅಂದರೆ ಎರಡು ಕಂಬಿಗಳ ನಡುವಿನ ಅಂತರದ, ವಿಷಯದಲ್ಲಿ ಪದಕ್ಕೆ ಬರವಿಲ್ಲ, ಹಳಿಗೇ ಬರ. ನಮ್ಮ ಬ್ರಾಡ್‌ಗೇಜ್ 1676 ಮಿ.ಮೀ., 1:87ರಲ್ಲಿ 19 ಮಿ.ಮೀ. ದಾಟುತ್ತದೆ, ಅಂಗಡಿಯಲ್ಲಿ ಸಿಗುವುದು 16.5. ಆದರೆ ಹಳೇ ನ್ಯಾರೋಗೇಜ್ 762 ಮಿ.ಮೀ., ಅದು 8.76ಕ್ಕೆ ಬರುತ್ತದೆ, 9 ಮಿ.ಮೀ. ಹಳಿ ಸಿದ್ಧವಾಗಿ ಸಿಗುತ್ತದೆ. ಬಂಗಾರಪೇಟೆ, ಕೋಲಾರ, ಚಿಂತಾಮಣಿ, ಶಿಡ್ಲಘಟ್ಟದ ಕಡೆಯವರು ಅಷ್ಟರಮಟ್ಟಿಗೆ ಅದೃಷ್ಟವಂತರು. ಈ 9 ಮಿ.ಮೀ. ಹಳಿಯಲ್ಲಿ ಸ್ಲೀಪರ್‌ಗಳು ಬೇಕೆಂದೇ ಸೊಟ್ಟಪಟ್ಟ ಇರುವ ಒಂದು ಬಗೆ ಇದೆ, ಹವ್ಯಾಸಿಗಳು ಅದನ್ನು ಕ್ರೇಜಿ ಟ್ರ್ಯಾಕ್ ಅನ್ನುತ್ತಾರೆ. 'ಅಡ್ಡಾದಿಡ್ಡಿ ಹಳಿ' ಅಂತ ಬರೆದೆ, ಇದೊಂದು ಪದ ಯಾರು ಬೇಡ ಅಂದರೂ ತೆಗೆಯುವುದಿಲ್ಲ. ಸ್ಲೀಪರ್ ಮಾತ್ರ ಕಷ್ಟ, ಮಕ್ಕಳಿಗೆ ಅದು ಟಿಕೆಟ್ಟಿನ ಕ್ಲಾಸು. 'ಅಡ್ಡದಿಮ್ಮಿ' ಅನ್ನೋಣ ಅಂದರೆ ದಿಮ್ಮಿ ಮರದ್ದು, ಈಗಿನದು ಕಾಂಕ್ರೀಟು. ಯಾರಿಗಾದರೂ ಬೇರೆ ಹೊಳೆಯುತ್ತದಾ?

ಜಲ್ಲಿಯದು ಸಣ್ಣ ತಮಾಷೆ. ರೈಲ್ವೆ ಜಲ್ಲಿ 50 ಮಿ.ಮೀ. ಅಂದುಕೊಂಡರೆ ನಮಗೆ ಬೇಕಾದದ್ದು ಅರ್ಧ ಮಿಲಿಮೀಟರಿಂದು. ಎಂ ಸ್ಯಾಂಡ್ ಜರಡಿ ಹಿಡಿದು, ಫೆವಿಕಾಲ್‌ಗೆ ನೀರು, ಒಂದು ತೊಟ್ಟು ಪಾತ್ರೆ ಸೋಪು ಬೆರೆಸಿ ಬಿಟ್ಟರೆ ಕೂರುತ್ತದೆ. ಅದನ್ನು ಜಲ್ಲಿ ಅನ್ನಬೇಕೋ ನುಚ್ಚು ಅನ್ನಬೇಕೋ? ನನ್ನ ಓಟು ನುಚ್ಚಿಗೆ.

ಈಗ ಸದ್ದಿನ ಕಡೆ. ಡಿಜಿಟಲ್ ಪದ್ಧತಿಯಲ್ಲಿ ಕರೆಂಟೂ ಅಪ್ಪಣೆಯೂ ಒಂದೇ ಹಳಿಯಲ್ಲಿ ಹರಿಯುತ್ತವೆ. ಎಂಜಿನ್ನಿನ ಒಳಗಿನ ಡಿಕೋಡರ್ ತನ್ನ ನಂಬರಿಗೆ ಬಂದ ಅಪ್ಪಣೆಯನ್ನು ಮಾತ್ರ ತಗೊಂಡು ಮೋಟಾರು, ದೀಪ, ಸದ್ದು ನಡೆಸುತ್ತದೆ. ಹೊಸದರಲ್ಲಿ ನಂಬರು 3 ಇರುತ್ತದೆ, ಬದಲಿಸಿಕೊಳ್ಳಬಹುದು. ಡಿಕೋಡರ್ ಅನ್ನುವ ಪದವನ್ನು ಹಾಗೇ ಬಿಡುವುದು ಅಂತ ತೀರ್ಮಾನಿಸಿದ್ದೇನೆ, ಪ್ರಶ್ನೆ ಅದರ ಹಿಂದಿನ ಪದದ್ದು. 'ಧ್ವನಿ ಡಿಕೋಡರ್' ಅಂದರೆ ಮನುಷ್ಯರ ದನಿ ಅನಿಸುತ್ತದೆ. 'ಶಬ್ದ ಡಿಕೋಡರ್' ಅಂದರೆ ಈ ಗುಂಪಿನವರಿಗೆ ಶಬ್ದಕೋಶ ನೆನಪಾಗುತ್ತದೆ. 'ಸದ್ದಿನ ಡಿಕೋಡರ್' ನನಗೆ ಸರಿ ಕಾಣುತ್ತದೆ, ಆದರೆ ನಮ್ಮಲ್ಲೊಬ್ಬರು ಸದ್ದು ಅಂದರೆ ಗಲಾಟೆ ಅನ್ನುತ್ತಾರೆ. ಹಾಗಾ?

ಕೈಪಿಡಿಯಲ್ಲಿ ಕೊಳ್ಳುವ ಬುದ್ಧಿವಾದ ಇಷ್ಟೇ. ಮೊದಲು ಎಂಜಿನ್ನಿನಲ್ಲಿ ಡಿಕೋಡರ್ ಸಿಕ್ಕಿಸುವ ಸಾಕೆಟ್ ನೋಡಿ: 8 ಪಿನ್ನೋ, 21 ಪಿನ್ನೋ, ಸಣ್ಣ ಎಂಜಿನ್ನಿಗೆ ನೆಕ್ಸ್ಟ್18 ಸಾಕೆಟ್ಟೋ. ಆಮೇಲೆ ಸ್ಪೀಕರ್ ಹಿಡಿಸುವ ಜಾಗ. ಸ್ಪೀಕರಿಗೆ ಮುಚ್ಚಿದ ಗೂಡು ಬೇಕೇ ಬೇಕು, ಇಲ್ಲದಿದ್ದರೆ ಮುಂದಿನ ಸದ್ದನ್ನು ಹಿಂದಿನ ಸದ್ದು ನುಂಗಿಬಿಡುತ್ತದೆ. ಆಮೇಲೆ ಆ ಎಂಜಿನ್ನಿನದೇ ರೆಕಾರ್ಡಿಂಗ್ ಇದೆಯಾ ಅಂತ. ನಮ್ಮ ರೈಲ್ವೆಯ ಹಳೇ ಡೀಸೆಲ್ ಎಂಜಿನ್ ಡಬ್ಲ್ಯೂಡಿಎಂ-2ರಲ್ಲಿ ಇದ್ದದ್ದು ಅಮೆರಿಕದ ಆಲ್ಕೋ ಕಂಪನಿಯ 251 ಅನ್ನುವ ಡೀಸೆಲ್ ಯಂತ್ರ, ಹಾಗಾಗಿ ಆಲ್ಕೋ 251ರ ಸದ್ದು ತುಂಬಿದ ಡಿಕೋಡರ್ ನಮಗೂ ಒಗ್ಗುತ್ತದೆ. ಉಗಿ ಎಂಜಿನ್ನಿನಲ್ಲಿ ನೋಡಬೇಕಾದ್ದು ತಾಳ: ಎರಡು ಸಿಲಿಂಡರಿನದು ಗಾಲಿ ಒಂದು ಸುತ್ತು ತಿರುಗಿದರೆ ನಾಲ್ಕು ಸಲ ಉಸಿರು ಬಿಡಬೇಕು. ಆ ಒಂದೊಂದು ಉಸಿರಿಗೆ ಇಂಗ್ಲಿಷಿನಲ್ಲಿ ಚಫ್. 'ಚುಕುಬುಕು' ಮಕ್ಕಳ ಪದ್ಯದ್ದು, ಒಂದನ್ನೇ ಎಣಿಸಲು ಬರುವುದಿಲ್ಲ. 'ಬುಸ್' ಅಂದರೆ ಎಣಿಸಬಹುದು, ನಾಲ್ಕು ಬುಸ್ಸು, ಆದರೆ ಹಾವು ನುಗ್ಗುತ್ತದೆ.

ವಿಷಲ್‌ಗೆ ನಾನು 'ಕೂಗು' ಬರೆದಿದ್ದೇನೆ. ರೈಲು ಕೂಗಿತು ಅನ್ನುತ್ತೇವೆ, ಕುಕ್ಕರ್ ಕೂಗಿತು ಅಂತಲೂ ಅನ್ನುತ್ತೇವೆ. 'ಸೀಟಿ' ಗಾರ್ಡಿನದು ಅಂತ ಬೇರೆ ಇಟ್ಟಿದ್ದೇನೆ, ಯಾಕೆಂದರೆ ಕೆಲವು ಡಿಕೋಡರ್‌ಗಳಲ್ಲಿ ಎರಡಕ್ಕೂ ಬೇರೆಬೇರೆ ಬಟನ್ ಇರುತ್ತದೆ. ಡೀಸೆಲ್ಲಿಗೆ ಹಾರ್ನ್ ಸಾಕು, ಸುಮ್ನೆ ತಲೆ ಕೆಡಿಸಿಕೊಳ್ಳುವುದು ಬೇಡ.

ಹಳಿಯೂ ಸದ್ದೂ ಸೇರುವ ಜಾಗದಲ್ಲಿ ಕೊನೆಯ ಪ್ರಶ್ನೆ ಇದೆ. ಎರಡು ಹಳಿ ಕವಲೊಡೆಯುವ ಪಾಯಿಂಟಿನಲ್ಲಿ ಕಂಬಿಗಳು ದಾಟುವ ಮೂತಿಗೆ ಫ್ರಾಗ್ ಅಂತ ಹೆಸರು. ಅದು ಪ್ಲಾಸ್ಟಿಕ್ಕಿನದಾದರೆ ಕರೆಂಟಿಲ್ಲ, ಗಿಡ್ಡ ಎಂಜಿನ್ನು ಅಲ್ಲಿ ಬಂದರೆ ಸದ್ದು ಫಟ್ಟನೆ ನಿಂತು ಮತ್ತೆ ಮೊದಲಿಂದ ಶುರುವಾಗುತ್ತದೆ. ಸದ್ದಿನ ಎಂಜಿನ್ ತಗೊಳ್ಳುವವರು ಕರೆಂಟ್ ಹರಿಯುವ ಫ್ರಾಗ್ ಇರುವ ಪಾಯಿಂಟನ್ನೇ ಕೊಳ್ಳಬೇಕು, ಅಥವಾ ಡಿಕೋಡರಿಗೆ ಒಂದು ಕೆಪಾಸಿಟರ್ ಕಟ್ಟಿ ಕ್ಷಣಕಾಲ ದಮ್ಮು ಕೊಡಬೇಕು. ಈ ಫ್ರಾಗ್‌ಗೆ ಏನನ್ನಬೇಕು? 'ಕಪ್ಪೆ' ಬೇಡ. ಕುದುರೆಯ ಗೊರಸಿನ ಅಡಿಯ ಮೂರುಮೂಲೆ ಭಾಗಕ್ಕೂ ಇಂಗ್ಲಿಷಿನಲ್ಲಿ ಇದೇ ಹೆಸರಿದೆ, ಆಕಾರವೂ ಹಾಗೇ. ರೈಲ್ವೆಯವರು 'ಕ್ರಾಸಿಂಗ್' ಅನ್ನುತ್ತಾರೆ, ಆದರೆ ಸಿಂಗಲ್ ಲೈನಿನ ನಮ್ಮ ಜನಕ್ಕೆ ಕ್ರಾಸಿಂಗ್ ಅಂದರೆ ಎದುರು ಗಾಡಿಗೆ ಕಾಯುತ್ತಾ ನಿಲ್ಲುವುದು.

ನಿಮ್ಮ ಮನೆಯಲ್ಲಿ, ಊರಿನಲ್ಲಿ ಗ್ಯಾಂಗ್‌ಮನ್, ಪಾಯಿಂಟ್ಸ್‌ಮನ್ ಆಗಿದ್ದ ಹಿರಿಯರು ಇದ್ದರೆ ದಯವಿಟ್ಟು ಒಂದು ಮಾತು ಕೇಳಿ, ಆ ಮೂತಿಯನ್ನು ಅವರು ಕೆಲಸದ ನಡುವೆ ಏನಂತ ಕರೆಯುತ್ತಿದ್ದರು ಅಂತ. ತೆಲುಗು ಬೆರೆತಿದ್ದರೂ ಪರವಾಗಿಲ್ಲ, ಹಾಗೇ ಬರೆದು ಕಳಿಸಿ.